ಕಾಯಿ ಚಟ್ನಿಯಲ್ಲಿ ಇದ್ದದ್ದು

ಗುಬ್ಬಿ ಊರಿನ ನಮ್ಮ ಮನೆಯಲ್ಲಿ ಆ ಬೆಳಿಗ್ಗೆ ಇಡ್ಲಿ ತಿಂದು ಎದ್ದ ಅತ್ತೆಯ ತುಟಿ ಊದಿತು. ಕುತ್ತಿಗೆಯ ಮೇಲೆಲ್ಲ ಕೆಂಪು ದದ್ದು. ಆಮೇಲೆ ಉಸಿರು ಕಟ್ಟಿತು.

ತುಮಕೂರಿನ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಇಂಜೆಕ್ಷನ್ ಕೊಟ್ಟು ಉಳಿಸಿದರು. ಏನು ತಿಂದಿದ್ದರು ಎಂದು ಕೇಳಿದಾಗ ಕಾಯಿ ಚಟ್ನಿ ಎಂದೆ. ನನ್ನ ಗಂಡನೂ ಅದನ್ನೇ ಹೇಳಿದರು. ಆಕ್ಸಿಜನ್ ಮಾಸ್ಕಿನೊಳಗಿಂದ ಅತ್ತೆಯೂ ತಲೆಯಾಡಿಸಿದರು. ಮೂವರಿಗೂ ಒಂದೇ ನೆನಪು, ಆದ್ದರಿಂದ ನಿಜ ಎಂದುಕೊಂಡೆವು. ತೆಂಗಿನಕಾಯಿಗೆ ಅಲರ್ಜಿ ಇದೆಯೇ ಎಂದು ರಕ್ತದಲ್ಲಿ ಐಜಿಇ ಟೆಸ್ಟ್ ಮಾಡಿಸಿದರು.

ಪಾಸಿಟಿವ್.

ಮನೆಯಲ್ಲಿ ಕಾಯಿ ತುರಿಯುವುದು ನಿಂತಿತು. ನಾನು ಬಡಿಸಿದ್ದನ್ನು ನೋಡಿ ಅತ್ತೆ, "ಇದು ಸಾರಲ್ಲ ಕಣವ್ವ, ಕೈ ತೊಳೆದ ನೀರು" ಎನ್ನುತ್ತಿದ್ದರು. ಆದರೂ ಉಣ್ಣುತ್ತಿದ್ದರು. ಪಾಪ ಎನಿಸಿ ಒಂದು ದಿನ ಕಾಯಿಯ ಬದಲು ಹುರಿಗಡಲೆಯನ್ನೇ ಹೆಚ್ಚು ಹಾಕಿ ಚಟ್ನಿ ರುಬ್ಬಿದೆ.

ಮತ್ತೆ ತುಟಿ ಊದಿತು.

ಈ ಸಲ ಅಲರ್ಜಿ ಡಾಕ್ಟರ್ ಚಟ್ನಿಗೆ ಏನೇನು ಹಾಕುತ್ತೇವೆ ಎಂದು ಕೇಳಿದರು. ಹಸಿಮೆಣಸಿನಕಾಯಿ, ಹುಣಸೆಹಣ್ಣು, ಕೊತ್ತಂಬರಿ, ಹುರಿಗಡಲೆ ಎನ್ನುತ್ತಾ ನಾನೇ ತಡವರಿಸಿದೆ. ಹುರಿಗಡಲೆ ಹಿಂದಿನ ಚಟ್ನಿಯಲ್ಲೂ ಇತ್ತು. ನಾವು ಮೂವರೂ ನೆನಪಿಸಿಕೊಂಡದ್ದು ಅಂದಿನ ತಟ್ಟೆಯನ್ನೋ, ಚಟ್ನಿಯ ಹೆಸರನ್ನೋ? ಈಗ ಬರೆಯುತ್ತಿರುವುದನ್ನೂ ಅದೇ ಅನುಮಾನದಿಂದ ಓದಿಕೊಳ್ಳುತ್ತಿದ್ದೇನೆ.

ಹೊಸ ರಿಪೋರ್ಟಿನಲ್ಲಿ ಕಡಲೆಯ ಅಂಕಿ ತುಂಬಾ ಮೇಲಿತ್ತು. ಎರಡು ಸಲ ಹೀಗಾಗಿರುವಾಗ ಮತ್ತೆ ತಿನ್ನಿಸಿ ನೋಡುವ ಮಾತೇ ಇಲ್ಲ, ಕಡಲೆ, ಕಡಲೆಬೇಳೆ, ಕಡಲೆಹಿಟ್ಟು ಎಲ್ಲ ಬಂದ್ ಎಂದರು. ಇಷ್ಟು ವರ್ಷ ತಿಂದವರಿಗೆ ಈಗೇಕೆ ಎಂದರೆ, ಅಲರ್ಜಿ ಯಾವ ವಯಸ್ಸಿನಲ್ಲಾದರೂ ಶುರುವಾಗಬಹುದಂತೆ. ಕಾಯಿಯ ಅಂಕಿ ಕಡಿಮೆ ಇತ್ತು. ಅದಕ್ಕೆ ಡಾಕ್ಟರ್ ಹೇಳಿದರು:

"ಪಾಸಿಟಿವ್ ಅಂದ್ರೆ ರಕ್ತಕ್ಕೆ ಕಾಯಿಯ ಗುರುತು ಸಿಕ್ಕಿದೆ ಅಂತ ಅಷ್ಟೆ. ತೊಂದ್ರೆ ಕೊಡುತ್ತೋ ಇಲ್ವೋ ತಿಂದೇ ನೋಡ್ಬೇಕು. ಇಲ್ಲೇ, ನಮ್ಮ ಕಣ್ಮುಂದೆ."

ಹೀಗೆ ಅತ್ತೆ ಆಸ್ಪತ್ರೆಯ ಮಂಚದ ಮೇಲೆ ಕೂತು ಕಾಯಿತುರಿ ತಿಂದರು. ಮೊದಲು ಚಿಟಿಕೆ. ಕಾದರು. ಆಮೇಲೆ ಚಮಚ. ನರ್ಸ್ ಬಿಪಿ ನೋಡುತ್ತಿದ್ದರು. ನಾನು ಅತ್ತೆಯ ತುಟಿಯನ್ನೇ ನೋಡುತ್ತಿದ್ದೆ.

"ನೀನ್ಯಾಕವ್ವ ಉಸ್ರು ಬುಡ್ದೆ ಕೂತಿದೀಯ? ತಿಂತಿರೋಳು ನಾನು."

ಏನೂ ಆಗಲಿಲ್ಲ. ಅವತ್ತಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಮಾತು ನನಗೆ ಬೇಕಿರಲಿಲ್ಲ.

ಹೋದ ವಾರ ಕುಣಿಗಲ್ಲಿನ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆವು. ನನ್ನ ಬ್ಯಾಗಿನಲ್ಲಿ, ಮತ್ತೆ ಉಸಿರು ಕಟ್ಟಿದರೆ ಕೊಡಲೆಂದು ಡಾಕ್ಟರ್ ಬರೆದುಕೊಟ್ಟ ಅಡ್ರಿನಲಿನ್ ಇಂಜೆಕ್ಷನ್ ಇತ್ತು. ಉಣ್ಣಲು ಕೂತವರು ಎಲೆಗೆ ಬಡಿಸಿದ್ದನ್ನು ಪ್ರಶ್ನಿಸುವುದು ಮರ್ಯಾದೆಯಲ್ಲ ಎಂದು ನಂಬಿದವರು ನಮ್ಮತ್ತೆ. ಕೇಳುತ್ತಾರೋ ಇಲ್ಲವೋ ಎಂದು ಅಳುಕಿನಲ್ಲೇ ಪಕ್ಕದಲ್ಲಿ ಕೂತೆ. ಪಲ್ಯ ಬಂತು. ಅತ್ತೆ ಎಲೆಗೆ ಕೈ ಅಡ್ಡ ಹಿಡಿದು, ಬಡಿಸುವವರ ಕಡೆ ಬಾಗಿ ಕೇಳಿದರು:

"ಒಗ್ಗರಣೆಗೆ ಕಡ್ಲೆಬೇಳೆ ಹಾಕಿದೀರೇನಪ್ಪ? ನಂಗೇನಿಲ್ಲ, ನಮ್ ಸೊಸೆ ಹೆದ್ರುಕೊತಾಳೆ."