ಬೇರೆ ಇಟ್ಟ ತಟ್ಟೆ

ದೊಡ್ಡಪ್ಪನ ತಲೆಯಲ್ಲಿ, ಎಡಗಿವಿಯ ಮೇಲ್ಗಡೆ, ಹುಳು ಕಚ್ಚಿ ಬಿಟ್ಟ ಹಿಪ್ಪುನೇರಳೆ ಎಲೆಯ ಅಂಚಿನಂತೆ, ಬಾಗಿದ ಹೊಲಿಗೆಯ ಗುರುತಿತ್ತು. ಅಲ್ಲಿ ಮತ್ತೆ ಕೂದಲು ಬೆಳೆಯಲಿಲ್ಲ. ಅದಕ್ಕೂ ಮೊದಲು ಆ ಕಿವಿಗೆ ಒಂದು ಕೆಲಸವಿತ್ತು. ರೇಷ್ಮೆಗೂಡು ಬಿಡಿಸುವ ದಿನ ಅವರು ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಗಟ್ಟಿಯಾದ ಹುಳು ಗೋಡೆಗೆ ತಟ್ಟುವ ಸದ್ದು ಕೇಳಿಸಿದ ಮೇಲೆಯೇ ನಮಗೆಲ್ಲ ಗೂಡು ಮುಟ್ಟಲು ಅಪ್ಪಣೆ.

ಅವರು ನನ್ನ ಅಪ್ಪನ ಅಣ್ಣ. ಸಾತನೂರಿನ ಹತ್ತಿರದ ಹಳ್ಳಿಯಲ್ಲಿ, ಅಗಲವಾದ ಬಿದಿರು ತಟ್ಟೆಗಳಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹುಳದ ಮನೆಗೆ ಕಾಲು ತೊಳೆಯದೆ ಹೋಗುವಂತಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡವರು ಹೊರಗೇ ನಿಲ್ಲಬೇಕು. ಹಾಲ್ತೊಂಡೆ ರೋಗ ಬಂದು ಊದಿದ ಹುಳು ಕಂಡರೆ ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕುತ್ತಿದ್ದರು. ನಾನು ಒಮ್ಮೆ ಮುಖ ಸಿಂಡರಿಸಿದ್ದಕ್ಕೆ, "ಅಯ್ಯೋ ಪಾಪ ಅಂತ ಬುಟ್ರೆ ಬೆಳಗಾಗೋದ್ರಾಗೆ ಇಡೀ ತಟ್ಟೆ ಓಯ್ತದೆ ಕಣಮ್ಮಿ" ಅಂದಿದ್ದರು.

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಅದು ತಲೆಯೆತ್ತಿ ಅಲುಗದೆ ಇರುತ್ತದೆ, ಸೊಪ್ಪು ಹಾಕಬಾರದು, ಮುಟ್ಟಬಾರದು. ನಾನು ಮಾತು ಕಡಿಮೆಯ ಹುಡುಗಿ. ಬಂದ ನೆಂಟರು, "ಏನ್ ಇವ್ಳಿಗೆ ಬಾಯಿಲ್ವಾ?" ಎಂದರೆ ದೊಡ್ಡಪ್ಪ, "ಜ್ವರದಾಗವ್ಳೆ, ಬುಡ್ರಿ. ಎದ್ಮ್ಯಾಕೆ ಮಾತಾಡ್ತಾಳೆ" ಎನ್ನುತ್ತಿದ್ದರು. ಆ ಮನೆಯಲ್ಲಿ ಮಾತಾಡದೆ ಇರುವ ಹಕ್ಕು ನನಗೆ ಸಿಕ್ಕಿದ್ದು ಹಾಗೆ.

ಸೊಪ್ಪಿನ ಕಟ್ಟು ಹೇರಿಕೊಂಡು ಬರುವಾಗ ಅವರ ಮೊಪೆಡ್ ಮರಳಿನಲ್ಲಿ ಜಾರಿ, ತಲೆ ಕಲ್ಲಿಗೆ ಬಡಿಯಿತು. ಎದ್ದರು, ಕಟ್ಟನ್ನು ಮನೆಗೆ ತಂದರು, ಹುಳುವಿಗೆ ಹಾಕಿದರು, ಮುದ್ದೆ ಉಂಡು ಮಲಗಿದರು. ಬೆಳಿಗ್ಗೆ ದೊಡ್ಡಮ್ಮ ಎಬ್ಬಿಸಿದರೆ ಏಳಲಿಲ್ಲ. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮನೆಗೆ ಬಂದಾಗ ಬಲಗೈ ನಡುಗುತ್ತಿತ್ತು, ಬಿಸಿಲು ಕಂಡರೆ ತಲೆನೋವು, ಗೊತ್ತಿರುವವರ ಹೆಸರುಗಳು ತಪ್ಪಿಹೋಗುತ್ತಿದ್ದವು. ಎಡಗಿವಿ ಮಂದವಾಗಿತ್ತು.

ಆ ವೇಳೆಗೆ ನಾನು ಪಿಎಚ್.ಡಿ.ಗೆ ಕೆಲಸ ಮಾಡುತ್ತಿದ್ದದ್ದು ಮೆದುಳಿನ ಪೆಟ್ಟಿನ ಮೇಲೆಯೇ. ವಿಷಯ ಆರಿಸಿಕೊಂಡದ್ದು ಮೊದಲು, ಅವರು ಬಿದ್ದದ್ದು ಆಮೇಲೆ.

ನೋಡಲು ಹೋದಾಗ ಕೇಳಿದರು. "ಏಟು ಬಿದ್ದಿದ್ದು ಒಂದೇ ಸಲ. ಊತ ಆಮ್ಯಾಕೆ ದಿನಾ ಬೆಳೀತಂತೆ, ಡಾಕ್ಟ್ರಂದ್ರು. ಅದೆಂಗೆ? ನೀನು ಅದ್ನೇ ಓದ್ತಿರಾದಂತಲ್ಲ, ಒಸಿ ಬುಡ್ಸಿ ಏಳು."

ಹೇಳಿದೆ. ಪೆಟ್ಟು ತಿಂದ ಜೀವಕೋಶ ಸುಮ್ಮನಿರುವುದಿಲ್ಲ. ತನ್ನದೇ ಪೊರೆಯಲ್ಲಿ ಸುತ್ತಿದ, ಸೂಕ್ಷ್ಮದರ್ಶಕಕ್ಕೂ ಸುಲಭವಾಗಿ ಕಾಣದ ಪೊಟ್ಟಣಗಳನ್ನು ಹೊರಗೆ ಬಿಡುತ್ತದೆ. ಅವುಗಳೊಳಗೆ ಆರ್‌ಎನ್‌ಎ ಎಂಬ ಎಳೆಗಳ ಚೂರುಗಳಿರುತ್ತವೆ. ಪಕ್ಕದ ಕೋಶ ಆ ಪೊಟ್ಟಣವನ್ನು ಒಳಗೆ ತೆಗೆದುಕೊಂಡರೆ, ಏನನ್ನು ಹೆಚ್ಚು ಮಾಡಬೇಕು, ಏನನ್ನು ನಿಲ್ಲಿಸಬೇಕು ಎಂಬುದನ್ನು ಆ ಚೂರುಗಳು ಬದಲಿಸುತ್ತವೆ. ಹೀಗಾಗಿ ಪೆಟ್ಟು ಬೀಳದ ಕೋಶವೂ ಕೆಲವೊಮ್ಮೆ ಕೆರಳುತ್ತದೆ.

"ಎಲ್ ಉಡುಕ್ತೀರಿ ಅದ್ನ? ತಲೆ ಕುಯ್ದಾ?"

"ಬೇಡ ದೊಡ್ಡಪ್ಪ, ರಕ್ತದಲ್ಲೂ ಸಿಗುತ್ತೆ."

ಅವರು ಕಣ್ಣು ಮುಚ್ಚಿದರು. ತಲೆನೋವು ಶುರುವಾಗಿತ್ತು. ಉಳಿದದ್ದನ್ನು ಇನ್ನೊಮ್ಮೆ ಹೇಳಿದರಾಯಿತೆಂದು ಎದ್ದೆ.

ಮುಂದಿನ ಬೆಳೆಯ ಹೊತ್ತಿಗೆ ದೊಡ್ಡಮ್ಮ ಫೋನ್ ಮಾಡಿದರು. "ನಿಮ್ ದೊಡ್ಡಪ್ಪ ಉಳದ್ ಮನೆ ಒಳಿಕ್ಕೆ ಕಾಲಿಕ್ತಿಲ್ಲ ಕಣವ್ವ. ಬಾಗ್ಲಾಚೆ ನಿಂತ್ಕಂಡು ನೋಡ್ತಾರೆ, ಓಯ್ತಾರೆ. ಕೇಳುದ್ರೆ ಬಾಯೇ ಬುಡಲ್ಲ. ನನ್ ಒಬ್ಳ ಕೈಲಿ ಆಗಾಕಿಲ್ಲ. ಈ ಬೆಳೆ ಆದ್ಮೇಲೆ ಗಿಡ ಕಿತ್ತಾಕ್ಸಿ ಜೋಳ ಆಕುಸ್ತೀನಿ."

ಹಿಪ್ಪುನೇರಳೆ ಕೀಳಿಸಿದರೆ ದೊಡ್ಡಪ್ಪನಿಗೆ ಮಾಡಲು ಬೇರೆ ಏನೂ ಇರಲಿಲ್ಲ. ಅವರಿಗೆ ಬರುತ್ತಿದ್ದದ್ದು ಅದೊಂದೇ. ಕನಕಪುರದಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅವರು ದನದ ಕೊಟ್ಟಿಗೆಯ ಕಟ್ಟೆಯ ಮೇಲೆ, ತಲೆಗೆ ಟವೆಲು ಹೊದ್ದು ಕೂತಿದ್ದರು. ಯಾಕೆ ಒಳಗೆ ಹೋಗುವುದಿಲ್ಲ ಎಂದು ನೇರವಾಗಿ ಕೇಳಿದೆ.

"ನೀನೇ ಏಳ್ದಲ್ಲವ್ವ. ಒಂದು ಕೆಟ್ರೆ ಪಕ್ಕದ್ದುಕ್ಕೂ ಕಳಿಸ್ತದೆ ಅಂತ. ತಲೆಯಿಂದ ರಕ್ತುಕ್ ಬಂದುದ್ದು ಬೆವರ್ಗೆ ಬರಾಕಿಲ್ವಾ? ಅದೇ ಕೈಲಿ ಸೊಪ್ಪಿಕ್ಬೇಕು. ಆಲ್ತೊಂಡೆ ಉಳ ಕಂಡ್ರೆ ನಾನೇನ್ ಮಾಡ್ತಿದ್ದೆ? ಎತ್ತಿ ಈಚ್ಗಾಕ್ತಿದ್ದೆ." ಟವೆಲನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, "ಸುಣ್ಣುದ್ ನೀರಿಗೊಂದು ಬಿದ್ದಿಲ್ಲ ನಾನು" ಎಂದು ನಕ್ಕರು.

ಅಷ್ಟು ದಿನ ಅವರು ಬೇಸರದಿಂದ ದೂರ ಇದ್ದರೆಂದು ಮನೆಯವರೆಲ್ಲ ಅಂದುಕೊಂಡಿದ್ದರು. ಅವರು ಹುಳುಗಳನ್ನು ತಮ್ಮಿಂದ ಕಾಪಾಡುತ್ತಿದ್ದರು.

ಆ ಪೊಟ್ಟಣ ರೋಗದ ಕ್ರಿಮಿಯಲ್ಲ, ಬೆವರಿನಿಂದ ಹುಳುವಿಗೆ ರೋಗ ತಗುಲಿಸುವ ಜಾತಿಯದಲ್ಲ ಎಂದು ವಿವರಿಸಿದೆ. ಆ ದಿನ ಉಳಿದುಹೋಗಿದ್ದ ಅರ್ಧವನ್ನೂ ಹೇಳಿದೆ: ಎಲ್ಲ ಪೊಟ್ಟಣಗಳೂ ಕೆರಳಿಸುವುದಿಲ್ಲ. ಕೆಲವು ಊತವನ್ನು ಇಳಿಸುತ್ತವೆ, ಪಕ್ಕದ ಕೋಶ ಚೇತರಿಸಿಕೊಳ್ಳಲು ನೆರವಾಗುತ್ತವೆ.

"ಯಾವ್ದು ಕೆಡ್ಸೋದು, ಯಾವ್ದು ವಾಸಿ ಮಾಡೋದು ಅಂತ ಗೊತ್ತಾಗ್ತದಾ?"

"ಕೆಲವು ಮಾತ್ರ ಗೊತ್ತು. ಮಿಕ್ಕಿದ್ದನ್ನ ಹುಡುಕ್ತಾ ಇದೀವಿ."

"ಅಂಗಾರೆ ನಿನ್ ಮಾತ್ ನಂಬ್ಕಂಡು ಇಡೀ ಬೆಳೆ ಮೇಲೆ ಕೈಯಿಕ್ಕಾಕಾಗಲ್ಲ. ಒಂದು ತಟ್ಟೆ ಬ್ಯಾರೆ ಇಡಾವ."

ಅಟ್ಟದಿಂದ ಹಳೆಯ ಬಿದಿರು ತಟ್ಟೆ ಇಳಿಸಿ, ತೊಳೆದು, ಒಂದಷ್ಟು ಹುಳುಗಳನ್ನು ಕೊಟ್ಟಿಗೆಯ ಪಕ್ಕದ ಖಾಲಿ ಕೋಣೆಗೆ ತರಿಸಿದರು. ಅವಕ್ಕೆ ಅವರೊಬ್ಬರೇ ಸೊಪ್ಪು ಹಾಕಬೇಕು, ಬೇರೆ ಯಾರೂ ಮುಟ್ಟಬಾರದು. ದೊಡ್ಡಮ್ಮ, "ಇದೇನ್ ಬಾಣಂತಿ ಕೋಣೆಯಾ?" ಎಂದು ರೇಗಿದರು. ನಡುಗುವ ಕೈಯಿಂದ ಸೊಪ್ಪು ಬೇಕಾದ ಕಡೆ ಬೀಳುತ್ತಿರಲಿಲ್ಲ; ಎಡಗೈಯಲ್ಲಿ ಸರಿಪಡಿಸುತ್ತಿದ್ದರು. ಹುಳುಗಳು ಕೊನೆಯ ಜ್ವರಕ್ಕೆ ಹೋದಾಗ ಫೋನಿನಲ್ಲಿ, "ಅವುಕ್ಕೆ ನಾಕೇ ಜ್ವರ. ನಂದು ಐದ್ನೇದು ನಡೀತಾ ಐತೆ" ಎಂದರು.

ಗೂಡು ಬಿಡಿಸುವ ದಿನ ನಾನೂ ಇದ್ದೆ. ಬೇರೆ ಇಟ್ಟ ತಟ್ಟೆಯ ಒಂದು ಗೂಡನ್ನು ಅಭ್ಯಾಸದಂತೆ ಎಡಗಿವಿಗೆ ಹಿಡಿದರು. ಅಲ್ಲಾಡಿಸಿದರು. ಮುಖ ಬದಲಾಗಲಿಲ್ಲ. ಆಮೇಲೆ ಆ ಕಿವಿ ಮಂದವೆಂದು ನೆನಪಾಗಿ ಬಲಗಿವಿಗೆ ಹಿಡಿದು ಅಲ್ಲಾಡಿಸಿದರು. ಒಂದೇ ಗೂಡಿಗೆ ಬಿಡಲಿಲ್ಲ. ಆ ತಟ್ಟೆಯ ಗೂಡುಗಳನ್ನೆಲ್ಲ ಒಂದೊಂದಾಗಿ ಕೇಳಿಸಿಕೊಂಡರು; ಎಲ್ಲದರೊಳಗೂ ಹುಳು ತಟ್ಟಿತು. ನಂತರ ಎದ್ದು ಹೋಗಿ ಕಾಲು ತೊಳೆದುಕೊಂಡು, ಟವೆಲನ್ನು ಬಾಗಿಲಿನ ಮೊಳೆಗೆ ನೇತುಹಾಕಿ ಹುಳದ ಮನೆಯೊಳಗೆ ಹೋದರು. ಗಿಡ ಕೀಳಿಸುವ ಮಾತನ್ನು ದೊಡ್ಡಮ್ಮ ಮತ್ತೆ ಎತ್ತಲಿಲ್ಲ.

ಕೈ ನಡುಗುವುದು ಪೂರ್ತಿ ನಿಲ್ಲಲಿಲ್ಲ. ಹೆಸರುಗಳಲ್ಲಿ ಕೆಲವು ವಾಪಸು ಬಂದವು. ಅವರು ತೀರಿಕೊಂಡದ್ದು ಹೋದ ವರ್ಷ, ತಲೆಯ ಪೆಟ್ಟಿನಿಂದಲ್ಲ, ಹೃದಯಾಘಾತದಿಂದ. ಆಗ ಹುಳು ಕೊನೆಯ ಜ್ವರದಿಂದ ಎದ್ದು ಗಬಗಬನೆ ತಿನ್ನುವ ಹೊತ್ತು. ಮಣ್ಣು ಮಾಡಿ ಬಂದ ಮೇಲೆ ಅಂಗಳದ ತುಂಬ ಜನ. ಒಬ್ಬೊಬ್ಬರೂ ನನ್ನನ್ನು ಮಾತಾಡಿಸಲು ನೋಡುತ್ತಿದ್ದರು. ನಾನು ಎದ್ದು ಕಾಲು ತೊಳೆದುಕೊಂಡು, ಸೊಪ್ಪಿನ ಕಟ್ಟು ಎತ್ತಿಕೊಂಡೆ.

ಹಿರಿಯ ಹೆಂಗಸೊಬ್ಬರು ತಡೆದರು. "ಸೂತ್ಕುದಾಗೆ ಉಳದ್ ಮನೆಗೋಗ್ತಾರೇನವ್ವಾ? ಮೈಲಿಗೆ ಅಂಟ್ಕಂಡು ಉಳ ಕೆಟ್ಟೋಗಾಕಿಲ್ವಾ?"

ಗೋಡೆಗೊರಗಿ ಕೂತಿದ್ದ ದೊಡ್ಡಮ್ಮ ಅಲ್ಲಿಂದಲೇ ಅಂದರು.

"ಅಂಟಾಕಿಲ್ಲ, ಬುಡಿ. ಅವ್ರು ಒಂದ್ಸಲ ತಟ್ಟೆ ಬ್ಯಾರೆ ಇಟ್ಟು ನೋಡವ್ರೆ."