ಆಂಬುಲೆನ್ಸಿನ ಮೇಲಿನ ಪೆಟ್ಟಿಗೆ

ವಾಹನದ ಮೇಲೆ ಕೂರಿಸುವ ಆಂಟೆನಾ ಹೇಗೆ ಕೆಲಸ ಮಾಡೀತು ಎಂದು ಮಣಿಪಾಲದಲ್ಲಿ ಕುಳಿತು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವುದು ನನ್ನ ಕೆಲಸ. ನಾವು ಆಂಟೆನಾ ಹಾಕಿದ್ದ ಆಂಬುಲೆನ್ಸೊಂದು ಕಾರ್ಕಳದಿಂದ ಬರುವಾಗ ಅದರ ಮೂಲಕ ಕಳಿಸಿದ ರೋಗಿಯ ಇಸಿಜಿ ಆಸ್ಪತ್ರೆಗೆ ತಲುಪಲಿಲ್ಲ. ರೋಗಿ ಉಳಿಯಲಿಲ್ಲ. ಗಾಡಿ ನೋಡಲು ಹೋದೆ. ನನ್ನ ಲೆಕ್ಕದಲ್ಲಿ ಬೋಳಾಗಿದ್ದ ಟಾಪಿನ ಮೇಲೆ, ಆಂಟೆನಾಕ್ಕೆ ತಾಗಿಯೇ, ಹೆಣ ಇಡುವ ಉಕ್ಕಿನ ಫ್ರೀಜರ್ ಪೆಟ್ಟಿಗೆಯನ್ನು ಕಟ್ಟಿದ್ದರು.

“ಸಿಗ್ನಲಿಗೆ ಇದೇ ಅಡ್ಡ. ಇಳಿಸಿ,” ಎಂದೆ.

“ಇಳಿಸಿ ಎಂತ ಮಾಡುವುದು?” ಎಂದ ಡ್ರೈವರ್. “ಎಲ್ಲರ ಮನೆಯಲ್ಲೂ ಒಬ್ಬರಾದರೂ ಗಲ್ಫಿನಲ್ಲಿ ಇರುತ್ತಾರಲ್ವಾ. ಅವರು ಬರುವವರೆಗೆ ಬಾಡಿ ಇಡಬೇಕು. ಮೊನ್ನೆ ಕಾರ್ಕಳದಿಂದ ತಂದ ಆ ಪೇಷೆಂಟನ್ನೂ ತೀರಿಕೊಂಡ ಮೇಲೆ ಇದರಲ್ಲೇ ಇಟ್ಟದ್ದು.”

ಹಿಂದಿರುಗಿ ಕಂಪ್ಯೂಟರಿನ ಆಂಬುಲೆನ್ಸಿಗೂ ಒಂದು ಪೆಟ್ಟಿಗೆ ಏರಿಸಿದೆ. ಸಾಫ್ಟ್‌ವೇರ್ ಕೇಳಿದ್ದು ಅದು ಯಾವ ಲೋಹದ್ದು ಎಂದು ಮಾತ್ರ.