ಅಮಾವಾಸ್ಯೆಯ ದಿನ ನಡೆದ ಮಗ್ಗಗಳು

ಲಕ್ಷ್ಮೇಶ್ವರದಲ್ಲಿ ನಾನು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಕೈಮಗ್ಗದ ಸೀರೆ ಬರುವುದು ಈಗ ಅಪರೂಪ. ಮೊನ್ನೆ ಒಂದು ಬಂತು. ಗಿರಾಕಿಯ ಮುಂದೆ ಮಡಿಕೆ ಬಿಚ್ಚಿದ್ದೇ ತಡ, ಗಂಜಿಯ ಆ ಹುಳಿ ವಾಸನೆ ಮೂಗಿಗೆ ಬಡಿದು, ನಾನು ಬೆಟಗೇರಿಯ ನಮ್ಮ ಹಳೆ ಮನೆಯ ಪಡಸಾಲೆಯಲ್ಲಿ ನಿಂತಿದ್ದೆ. ನೂಲಿಗೆ ಗಂಜಿ ಹಚ್ಚುತ್ತಿದ್ದ ಚಿಗವ್ವ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅವಳ ಗಂಡ, ನಮ್ಮ ಕಾಕಾ. ಗೋಡೆ ಪಕ್ಕದ ಹೊರಸಿನ ಮೇಲೆ ಕಣ್ಣು ಕಾಣದ ಆಯಿ, ಎಂದರೆ ಅಪ್ಪ-ಕಾಕಾ ಇಬ್ಬರ ತಾಯಿ.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಇಂಗ್ಲಿಷ್ ಶಬ್ದಗಳ ಬೇರು ಹುಡುಕುವ ಹುಚ್ಚು ನನಗೆ. ಯಾರೂ ಕಲಿಸಿದ್ದಲ್ಲ. ಅವತ್ತು ಸಿಕ್ಕಿದ್ದು 'ಡಿಸೆಂಬಲ್'. ಮನಸ್ಸಿನಲ್ಲಿರುವುದನ್ನು ಮುಚ್ಚಿ ಬೇರೆಯೇ ಮುಖ ತೋರಿಸುವುದು. ಮೂಲ ಲ್ಯಾಟಿನ್ನಿನದು, 'ಸಿಮಿಲಿಸ್' ಎಂದರೆ ಇನ್ನೊಂದನ್ನು ಹೋಲುವಂಥದ್ದು. ಅದರಿಂದ ಎರಡು ಕ್ರಿಯಾಪದ ಹುಟ್ಟಿದವಂತೆ: ಇಲ್ಲದ್ದನ್ನು ಇದೆ ಎಂದು ತೋರಿಸುವುದು ಒಂದು, ಇದ್ದದ್ದನ್ನು ಇಲ್ಲವೆಂಬಂತೆ ಅಡಗಿಸುವುದು ಇನ್ನೊಂದು. ಆ ಎರಡನೆಯದೇ ಫ್ರಾನ್ಸಿನ ಹಾದಿ ಹಿಡಿದು, ರೂಪ ಬದಲಿಸಿಕೊಂಡು ಇಂಗ್ಲಿಷಿಗೆ ಬಂತು. ಎಂದಿನಂತೆ ಖುಷಿಯಾಗಬೇಕಿತ್ತು. ಆದರೆ ಆ ಎರಡನ್ನೂ ನಾನು ಚಿಕ್ಕವಳಿದ್ದಾಗ ಒಂದೇ ದಿನ ಕಣ್ಣಾರೆ ಕಂಡಿದ್ದೆ.

ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಎಲ್ಲ ಮಗ್ಗಗಳೂ ನಿಲ್ಲುತ್ತಿದ್ದವು. ಸದ್ದು ನಿಂತ ಕೂಡಲೇ ಆಯಿ ಹೊರಸಿನಿಂದಲೇ "ಯಾರ ಹ್ವಾದರವಾ?" ಎನ್ನುವಳು. ಅವಳಿಗೆ ಸಾವಿನ ಸುದ್ದಿ ಮುಟ್ಟುತ್ತಿದ್ದುದು ಹಾಗೆ. ಕಾಕಾ ಹುಬ್ಬಳ್ಳಿಯ ದವಾಖಾನೆ ಸೇರಿದ ಮೇಲೆ ಅವಳು ದಿನಾ ಕೇಳುತ್ತಿದ್ದುದು ಒಂದೇ: "ನನ್ನ ಮಗ ಯಾವಾಗ ಬರ್ತಾನ?" ಒಂದು ಬೆಳಿಗ್ಗೆ ಅವನು ಹೋದ ಸುದ್ದಿ ಬಂತು. ಆಯಿಯ ಎದೆ ಸೋತಿತ್ತು, ಇಂಥದ್ದನ್ನು ತಡೆಯಲಾರಳು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಎದುರು ಮನೆಯ ಕಲ್ಲವ್ವ ಓಣಿ ತುಂಬ ಓಡಾಡಿದಳು. "ಯಾರೂ ಮಗ್ಗ ನಿಲ್ಲಸಬ್ಯಾಡ್ರಿ. ಮುದಕಿಗೆ ತಿಳೀತದ." ಗಂಡಸರು ಕಣ್ಣೊರೆಸಿಕೊಳ್ಳುತ್ತ ಮಗ್ಗಕ್ಕಿಳಿದರು. ಹೆಣವನ್ನು ದವಾಖಾನೆಯಿಂದ ನೇರ ಸ್ಮಶಾನಕ್ಕೇ ಒಯ್ದರು. ಚಿಗವ್ವ ಬಳೆ ತೆಗೆಯದೆ, ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಯಲ್ಲಿ ಕೂತಳು. ಆಯಿ ಕರೆದಾಗ ಎದ್ದು ಹೋಗಿ ನೀರು ಕುಡಿಸಿದಳು.

ನೀರು ಕುಡಿದು ಆಯಿ ಕೇಳಿದಳು, "ಇವತ್ತ ಅಮಾಸಿ ಅಲ್ಲೇನವಾ?"

ಅಮಾವಾಸ್ಯೆಗೆ ನಮ್ಮಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಮಗ್ಗಗಳನ್ನು ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು, ಅವತ್ತಿನ ಮೌನಕ್ಕೆ ಅವಳು ಬೇರೆ ಅರ್ಥ ಹಚ್ಚುತ್ತಿರಲಿಲ್ಲ. ದುಃಖದ ಗಡಿಬಿಡಿಯಲ್ಲಿ ಇಡೀ ಓಣಿಯೇ ಅದನ್ನು ಮರೆತಿತ್ತು.

"ಲಗ್ನದ ಸೀರಿ ಬೇ ಆಯಿ, ಅರ್ಜಂಟ್ ಅದಾವ," ಬಾಗಿಲಲ್ಲಿ ನಿಂತಿದ್ದ ಕಲ್ಲವ್ವ ನಕ್ಕಳು. "ಅಮಾಸಿ ನೋಡಕೋಂತ ಕುಂತ್ರ ಮದುಮಗಳು ಏನ ಉಟಗೋಬೇಕು?"

"ನಿಮ್ಮ ಆಸೇಕ್ಕ ಬೆಂಕಿ ಹಚ್ಚ," ಎಂದು ಆಯಿಯೂ ನಕ್ಕಳು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು.

ಮಗ ಯಾವಾಗ ಬರುತ್ತಾನೆ ಎಂದು ಅವಳು ಮತ್ತೆಂದೂ ಕೇಳಲಿಲ್ಲ. ಸದ್ಯ ಮುದುಕಿಗೆ ತಿಳಿಯಲಿಲ್ಲ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಚಿಗವ್ವ ಬಳೆ ಸದ್ದು ಮಾಡುತ್ತ, ನಗುನಗುತ್ತ ಮಾತಾಡುತ್ತ ತಿಂಗಳುಗಟ್ಟಲೆ ಅತ್ತೆಯ ಸೇವೆ ಮಾಡಿದಳು. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಆಯಿ ಊಟ ಬಿಟ್ಟಳು. ಒಂದು ಮಧ್ಯಾಹ್ನ, ಹಾಲು ಕುಡಿಸುತ್ತಿದ್ದ ಚಿಗವ್ವನ ಮುಂಗೈ ಹಿಡಿದು, ಬಳೆಗಳ ಮೇಲೆ ಬೆರಳಾಡಿಸಿದಳು. ನಾನು ಪಕ್ಕದಲ್ಲೇ ಇದ್ದೆ.

"ಭಾಳ ದಿವಸ ತಡಕೊಂಡೀಯವಾ," ಎಂದಳು. "ನಾ ಹ್ವಾದ ದಿನ, ನನ್ನ ಹೆಸರಮ್ಯಾಲೆ ಎಲ್ಲಾ ಅತ್ತಬಿಡು."

ಆಯಿ ಹೋದ ದಿನ ಮಗ್ಗಗಳೆಲ್ಲ ನಿಂತವು. ಆ ಮೌನದಲ್ಲಿ ಚಿಗವ್ವ ನೆಲಕ್ಕೆ ಬಿದ್ದು, ಧ್ವನಿ ಒಡೆಯುವವರೆಗೆ ಅತ್ತಳು. ಸೊರಟೂರಿನಿಂದ ಬಂದ ಮುದುಕಿಯೊಬ್ಬಳು, "ಅತ್ತಿ ಸಲುವಾಗಿ ಇಷ್ಟ ಅಳೋ ಸೊಸಿನ್ನ ನಾ ಎಲ್ಲೂ ನೋಡಿಲ್ಲ ನೋಡವಾ," ಎಂದಳು. ಕಲ್ಲವ್ವ ಚಿಗವ್ವನ ಬೆನ್ನು ಸವರುತ್ತ ಕೂತಳು.

ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಮಗ್ಗದ ಕುಣಿ ಮುಚ್ಚಿ ಮೇಲೆ ಟೈಲ್ಸ್ ಹಾಕಿದ್ದಾರೆ. ಹೋದ ವರ್ಷ ಚಿಗವ್ವನೂ ಹೋದಳು. ಓಣಿಯವರೆಲ್ಲ ಬಂದಿದ್ದರು. ನಿಲ್ಲಿಸೋಣವೆಂದರೆ ಒಂದು ಮಗ್ಗವೂ ಇರಲಿಲ್ಲ.